ದುಡಿಮೆ, ನಿವೃತ್ತಿ, ಕ್ಯಾಮೆರಾ: ಬಿಡುವು ಯಾರ ಪಾಲಿಗೆ?

ಜತ್ತ: ಕನ್ನಡದಲ್ಲಿ ‘ಹವ್ಯಾಸ’ ಎಂದರೆ ಬಿಡುವಿನ ವೇಳೆಯ ಆಸಕ್ತಿ. ಮರಾಠಿಯಲ್ಲಿ ಅದೇ ‘ಹವ್ಯಾಸ’ ಎಂದರೆ ಅತಿಯಾಸೆ. ಕನ್ನಡಿಗರು ಹವ್ಯಾಸ ಎನ್ನುವುದಕ್ಕೆ ಮರಾಠಿಯವರು ‘ಛಂದ’ ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ತಹಸೀಲ್ದಾರ್ ಕಚೇರಿಯಲ್ಲಿ ಮರಾಠಿ ಆಡುವ ಉಮದಿ, ಸಂಖ, ಮಾಡಗ್ಯಾಳ ಭಾಗದ ಜನರಿಗೆ ಈ ವ್ಯತ್ಯಾಸ ಹೊಸದಲ್ಲ. ದುಡಿಯುವ ಮನುಷ್ಯ ತನಗಾಗಿ ಒಂದಿಷ್ಟು ಹೊತ್ತು ತೆಗೆದಿಟ್ಟುಕೊಂಡರೆ ಅದು ಆಸಕ್ತಿಯೋ, ಅತಿಯಾಸೆಯೋ? ಸದ್ಯ ಗಡಿ ಭಾಗದ ಮನೆಮನೆಗಳಲ್ಲಿ ಬದಲಾಗುತ್ತಿರುವುದು ಈ ಪ್ರಶ್ನೆಗೆ ಸಿಗುವ ಉತ್ತರವೇ.

ನಿವೃತ್ತರಾದ ಗುರುಗಳು ಹೊಲ ನೋಡಿಕೊಳ್ಳಬೇಕು, ಭಜನೆ-ಸಪ್ತಾಹದಲ್ಲಿ ಕೂಡಬೇಕು, ಊರ ಪಂಚಾಯಿತಿ ಮಾತಾಡಬೇಕು ಎಂಬುದು ಹಳೆಯ ನಡೆ. ಅದಕ್ಕೆ ಹತ್ತಿರದಲ್ಲೇ ದೊಡ್ಡ ಆದರ್ಶವೂ ಇತ್ತು. ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದ ಸೇವೆ ಮುಗಿಸಿ ನಿಂಬಾಳದಲ್ಲಿ ನೆಲೆಸಿ ಧ್ಯಾನದಲ್ಲಿ ಉಳಿದ ಆಯುಷ್ಯ ಕಳೆದರು. ಈಗಿನ ನಿವೃತ್ತರಲ್ಲಿ ಕೆಲವರು ಜಾತ್ರೆಗೆ ಹೋಗುವಾಗ ಕಾಯಿ-ಕರ್ಪೂರದ ಜೊತೆಗೆ ಕ್ಯಾಮೆರಾವನ್ನೂ ಒಯ್ಯುತ್ತಾರೆ. ಮೊದಲಾಗಿದ್ದರೆ ‘ಕೆಲಸ ಇಲ್ಲದವ’ ಎಂಬ ಬಿರುದು ಖಚಿತವಾಗಿತ್ತು.

ಗಡಿಯ ಆಚೆ ಎರಡು ವರ್ಷ

ನಿವೃತ್ತಿಯ ವಯಸ್ಸೂ ಗಡಿ ದಾಟಿದರೆ ಬದಲಾಗುತ್ತದೆ. ಮಹಾರಾಷ್ಟ್ರ ಸರ್ಕಾರದ ಬಹುಪಾಲು ನೌಕರರು 58ಕ್ಕೆ ನಿವೃತ್ತರಾಗುತ್ತಾರೆ. ಕರ್ನಾಟಕದಲ್ಲಿ 2008ರಲ್ಲಿ ಈ ಮಿತಿ 58ರಿಂದ 60ಕ್ಕೆ ಏರಿತು. ಹೀಗಾಗಿ ಸಾಂಗ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕ ಮನೆ ಸೇರಿದ ಮೇಲೂ ಅದೇ ವಯಸ್ಸಿನ ವಿಜಯಪುರ ಜಿಲ್ಲೆಯ ಶಿಕ್ಷಕ ಎರಡು ವರ್ಷ ಹಾಜರಿ ಹಾಕುತ್ತಾನೆ. ಎರಡು ವರ್ಷದ ಸಂಬಳ ಹೋಯಿತೆಂದು ಕೊರಗುವವರಿದ್ದಾರೆ. ಕೈಕಾಲು ಗಟ್ಟಿ ಇರುವಾಗಲೇ ಎರಡು ವರ್ಷ ಸಿಕ್ಕಿತೆಂದು ಸಮಾಧಾನ ಪಡುವವರೂ ಇದ್ದಾರೆ.

ಆದರೆ ಈ ಸಮಾಧಾನದ ಹಿಂದೆ ಇರುವುದು ಹಳೆ ಪೆನ್ಷನ್. 2005ರ ನವೆಂಬರ್ 1ರಂದು ಅಥವಾ ನಂತರ ಮಹಾರಾಷ್ಟ್ರದ ಸೇವೆಗೆ ಸೇರಿದವರನ್ನು ವಂತಿಗೆ ಆಧಾರಿತ ಹೊಸ ಪೆನ್ಷನ್ನಿಗೆ ಸೇರಿಸಲಾಯಿತು. ಕರ್ನಾಟಕದಲ್ಲಿ ಇದೇ ಗೆರೆ 2006ರ ಏಪ್ರಿಲ್ 1. ಹಳೆ ಪೆನ್ಷನ್ ಮರಳಿ ಕೊಡಿ ಎಂದು 2023ರ ಮಾರ್ಚ್ 14ರಿಂದ ಮಹಾರಾಷ್ಟ್ರದ ನೌಕರರು ಸುಮಾರು ಒಂದು ವಾರ ಮುಷ್ಕರ ಹೂಡಿದ್ದು ಸುಮ್ಮನಲ್ಲ. ತಿಂಗಳ ಖರ್ಚಿನ ಚಿಂತೆ ಇದ್ದವನಿಗೆ ನಿವೃತ್ತಿ ಎಂದರೆ ಬಿಡುವಲ್ಲ, ಇನ್ನೊಂದು ಕೆಲಸ ಹುಡುಕುವ ಕಾಲ.

70 ಗಂಟೆಯ ವಾದ

ನಿವೃತ್ತಿಯವರೆಗೆ ಕಾಯಬೇಕೇ ಎಂಬುದು ಮುಂದಿನ ಪ್ರಶ್ನೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ದೇಶದಾದ್ಯಂತ ಚರ್ಚೆಯಾಯಿತು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು 90 ಗಂಟೆಯ ಮಾತಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಕಾರ್ಖಾನೆಗಳ ದಿನದ ಗರಿಷ್ಠ ದುಡಿಮೆಯನ್ನು 9 ಗಂಟೆಯಿಂದ 12ಕ್ಕೆ ಏರಿಸಲು ಒಪ್ಪಿತು. ಜತ್ತದಿಂದ ಪುಣೆ, ಮುಂಬೈಗೆ ದುಡಿಯಲು ಹೋದ ಹುಡುಗರ ಬದುಕಿಗೆ ಇದು ನೇರವಾಗಿ ತಾಗುವ ವಿಷಯ.

ಇದಕ್ಕೆ ಉತ್ತರವನ್ನು ಕನ್ನಡ ನಾಡಿನ ಮೂವರ ಬದುಕಿನಲ್ಲಿ ನೋಡಬಹುದು. ಮರಾಠಾ ಮನೆತನದಲ್ಲಿ ಹುಟ್ಟಿ ಕನ್ನಡ ನಾಡಿನಲ್ಲಿ ಬಾಳಿದ ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಕರ್ನಾಟಕದ ಹಣಕಾಸು ಸಚಿವರಾಗಿದ್ದರು. ಬಜೆಟ್ಟಿನ ಲೆಕ್ಕದ ನಡುವೆಯೂ ಕಾಡಿಗೆ ಹೋಗಿ ವನ್ಯಜೀವಿಗಳ ಚಿತ್ರ ತೆಗೆದು ಹೆಸರು ಮಾಡಿದರು. ಪೂರ್ಣಚಂದ್ರ ತೇಜಸ್ವಿ (1938–2007) ಎಂ.ಎ. ಓದಿಯೂ ನೌಕರಿಯ ದಾರಿ ಹಿಡಿಯದೆ ಮೂಡಿಗೆರೆಯಲ್ಲಿ ಕಾಫಿ ಬೆಳೆದರು, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಛಾಯಾಚಿತ್ರವನ್ನೇ ವೃತ್ತಿ ಮಾಡಿಕೊಂಡರು, 1977ರಲ್ಲಿ ಪದ್ಮಶ್ರೀ ಪಡೆದರು, ಎಂಬತ್ತು ದಾಟಿದ ಮೇಲೆ 2005ರಲ್ಲಿ ಆತ್ಮಕಥನ ಹೊರತಂದರು. ಮೂವರೂ ನಿವೃತ್ತಿಗಾಗಿ ಕಾಯಲಿಲ್ಲ. ಹಾಗೆಂದು ಒಬ್ಬರಿಗೆ ಅರಮನೆ, ಇನ್ನೊಬ್ಬರಿಗೆ ತೋಟ ಇತ್ತೆಂಬುದನ್ನು ಮರೆಯಲಾಗದು.

ನಿವೃತ್ತಿಯೇ ಇಲ್ಲದವರು

ಬರದ ನಾಡಿನ ರೈತನಿಗೆ ನಿವೃತ್ತಿ ಆದೇಶ ಕೊಡುವವರಾರು? ದ್ರಾಕ್ಷಿ ತೋಟಕ್ಕೆ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ನಡುವೆ ಔಷಧ ಸಿಂಪಡಣೆ, ಆಮೇಲೆ ಬೇದಾಣೆ ಶೆಡ್ಡಿನ ಕೆಲಸ. ಕುರಿ ಕಾಯುವವನಿಗೆ ಭಾನುವಾರವೂ ಇಲ್ಲ. ಕಬ್ಬು ಕಡಿಯಲು ಹೋದವರು ಊರು ಕಾಣುವುದೇ ಹಂಗಾಮು ಮುಗಿದ ಮೇಲೆ. ಬಡ ವೃದ್ಧರಿಗೆ 65ರ ನಂತರ ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,500 ರೂಪಾಯಿ. 2019ರಲ್ಲಿ ಕೇಂದ್ರ ಆರಂಭಿಸಿದ ಕಿಸಾನ್ ಮಾನಧನ್ ಯೋಜನೆ ಸಣ್ಣ ರೈತನಿಗೆ 60ರ ನಂತರ 3,000 ರೂಪಾಯಿ ಕೊಡುತ್ತದೆ. ಆದರೆ ಸೇರುವವರ ವಯಸ್ಸು 18ರಿಂದ 40ರೊಳಗೆ ಇರಬೇಕು. ಅಂದರೆ ಆಗಲೇ 40 ದಾಟಿದ್ದ ರೈತರು ಅದರ ಹೊರಗೇ ಉಳಿದರು.

ಇನ್ನು ಮನೆಯೊಳಗಿನ ದುಡಿಮೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕಳೆದರೆ ಗಂಡಸರು ಕಳೆಯುವುದು 88 ನಿಮಿಷ. ಯಜಮಾನರು ನಿವೃತ್ತರಾಗಿ ಕ್ಯಾಮೆರಾ ಕೊಂಡಾಗ ಮನೆಯಾಕೆಗೆ ಹೆಚ್ಚುವುದು ಎರಡು ಸಲದ ಚಹಾ! ರೊಟ್ಟಿ ಬಡಿಯುವ ಕೈಗೆ 58 ಇಲ್ಲ, 60 ಇಲ್ಲ. ಬಿಡುವಿನ ಬಗ್ಗೆ ಮಾತಾಡುವವರು ಮೊದಲು ನೋಡಬೇಕಾದ ಲೆಕ್ಕ ಇದು.

ಅಗ್ಗವಾದ ಚಿತ್ರ, ತುಟ್ಟಿಯಾದ ಹೊತ್ತು

ಒಂದು ಕಾಲಕ್ಕೆ ಮನೆಗೊಂದು ಅಗ್ಫಾ ಕ್ಲಿಕ್ ಇದ್ದರೆ ಅದೇ ಶ್ರೀಮಂತಿಕೆ. ಒಂದು ರೋಲಿಗೆ 12 ಚಿತ್ರ, ತೊಳೆಸಲು ಪಟ್ಟಣಕ್ಕೆ ಹೋಗಬೇಕು. ಮೊಬೈಲ್ ಬಂದ ಮೇಲೆ ಕುರಿ ಕಾಯುವ ಹುಡುಗನ ಕಿಸೆಯಲ್ಲೂ ಕ್ಯಾಮೆರಾ ಇದೆ. ಚಿತ್ರಕ್ಕೆ ಖರ್ಚಿಲ್ಲ, ನಿಂತು ನೋಡುವ ಹೊತ್ತೇ ತುಟ್ಟಿಯಾಗಿದೆ. ಸಾವಿರ ಸೆಲ್ಫಿಗಳ ನಡುವೆ ಊರಿನ ಹಳೆ ಬಾವಿಯ ಒಂದು ಚಿತ್ರವೂ ಇರುವುದಿಲ್ಲ.

ಇಲ್ಲಿ ನಿವೃತ್ತರ ಪಾತ್ರ ದೊಡ್ಡದು. ಹೊತ್ತು ಅವರ ಹತ್ತಿರ ಇದೆ, ಊರಿನ ನೆನಪೂ ಅವರ ಹತ್ತಿರವೇ ಇದೆ. ಗಿಳಿಮೂಗಿನ ಮಾಡಗ್ಯಾಳ ಕುರಿ, ಗುಡ್ಡಾಪುರದ ದಾನಮ್ಮ ದೇವಿಯ ಯಾತ್ರೆಗೆ ನಡೆದು ಬರುವ ಜನ, ಕನ್ನಡ ಶಾಲೆಯ ಹಳೆ ಕಟ್ಟಡ, ಬೀಳುತ್ತಿರುವ ವಾಡೆ, ಮ್ಹೈಸಾಳ ಯೋಜನೆಯ ನೀರು ಬರುವ ಮುಂಚಿನ ಮತ್ತು ಬಂದ ಮೇಲಿನ ಹೊಲ, ಇವೆಲ್ಲ ಚಿತ್ರವಾಗಬೇಕು. ಪ್ರತಿ ಚಿತ್ರದ ಕೆಳಗೆ ಊರು, ತಾರೀಖು, ವಿವರ ಕನ್ನಡದಲ್ಲೂ ಮರಾಠಿಯಲ್ಲೂ ಇದ್ದರೆ ಅದೇ ಮುಂದೆ ತಾಲೂಕಿನ ದಾಖಲೆ. ಹೆಂಗಸರ ಕೆಲಸದ ಚಿತ್ರ ತೆಗೆಯುವಾಗ ಅವರ ಒಪ್ಪಿಗೆ ಕೇಳುವುದು, ಒಂದು ದಿನ ಮೊಬೈಲ್ ಅವರ ಕೈಗೇ ಕೊಟ್ಟು ರೊಟ್ಟಿ ತಾವು ಬಡಿಯುವುದು ಇನ್ನೂ ಒಳ್ಳೆಯದು.

ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದರು. ತೆಗೆದ ಚಿತ್ರ ಊರಿಗೆ ಸಲ್ಲಿದರೆ ಅದೂ ದಾಸೋಹವೇ. ಪೆನ್ಷನ್ ಇದ್ದವರ ಬಿಡುವು ಅವರ ಗಳಿಕೆ, ಅದನ್ನು ಯಾರೂ ಹೀಯಾಳಿಸಬೇಕಿಲ್ಲ. ಆದರೆ ರೈತನಿಗೂ, ಕೂಲಿಯವನಿಗೂ, ಅಡಿಗೆಮನೆಯ ತಾಯಿಗೂ ದಿನಕ್ಕೊಂದು ತಾಸು ತಮ್ಮದೆನ್ನುವ ಹೊತ್ತು ಸಿಗುವವರೆಗೆ, ಹವ್ಯಾಸ ಎಂಬ ಶಬ್ದಕ್ಕೆ ಜತ್ತ ತಾಲೂಕಿನಲ್ಲಿ ಮರಾಠಿಯ ಅರ್ಥವೇ ಗಟ್ಟಿಯಾಗಿ ಉಳಿಯುತ್ತದೆ.