ಕೈಗೂ ಒಂದು ಹೆಸರ ಇರತೈತ್ರಿ

ಈಗ ದೊಡ್ಡ ಊರಿನ ಮಂದಿ ರಜಾ ಹಾಕಿ, ಕೈಯಿಂದ ರೊಕ್ಕಾ ಕೊಟ್ಟು, ಚಾ ಕುಡಿಯೋದು ಕಲಿಯಾಕ ಹೊಂಟಾರ್ರಿ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಜಪಾನಿನ ಚಾ, ಅಲ್ಲಿಯ ಕೈಕೆಲಸ ಎರಡನ್ನೂ ಕೂಡಿಸಿ ಶಿಬಿರ ಮಾಡತಾರ. ರಿಟ್ರೀಟ್ ಅಂತಾರ ಅದಕ್ಕ. ಮುಂಜಾನೆ ಚಾ, ಆಮ್ಯಾಲ ಮಣ್ಣಿನ ಬಟ್ಟಲಾ ಮಾಡೋದು, ಹೊಲಿಗಿ ಹಾಕೋದು. ಈ ಸುದ್ದಿ ಕೇಳಿ ನಮ್ಮ ಸೆಕ್ಟರಿನ ಒಬ್ಬ ವೈನಿ, "ಚಾ ಕುಡಿಯಾಕ ಇಷ್ಟ್ಯಾಕ್ರಿ, ನಮ್ಮ ಮನಿಗೆ ಬರ್ರಿ, ಪುಕ್ಕಟ ಕೊಡತೀನಿ" ಅಂದ್ರು. ಆದ್ರ ಅಕ್ಕಗೋಳ್ರ, ಆ ದೇಶದಿಂದ ನಾವು ಕಲಿಯೋದೂ ಒಂದೈತಿ, ಕಲೀಬಾರದ್ದೂ ಒಂದೈತಿ ಅನ್ನೋದು ನನ್ನ ಮಾತು.

ಮೊದಲ ಆ ಚಾ ಹೆಂಗ ಅಂತ ಕೇಳ್ರಿ. ಹಾಲಿಲ್ಲ, ಸಕ್ರಿ ಇಲ್ಲ. ಎಲಿ ಕೀಳೋಕಿಂತ ಸುಮಾರು 3 ವಾರ ಮೊದಲ ಗಿಡಕ್ಕ ನೆರಳ ಕಟ್ಟತಾರ. ಕಿತ್ತ ಎಲಿ ಉಗಿಯೊಳಗ ಹಿಡಿದು, ಒಣಗಿಸಿ, ಸಣ್ಣ ಬೀಸುಕಲ್ಲಿನ್ಯಾಗ ಬೀಸತಾರ. ಆ ಹಸರ ಪುಡಿ ಬಟ್ಟಲಕ್ಕ ಹಾಕಿ, ಬಿಸಿನೀರ ಹೊಯ್ದು, ಬಿದಿರಿನ ಸಣ್ಣ ಕಡಗೋಲಿನಂಥಾದ್ದು ಹಿಡದು ನೊರಿ ಬರೋತನಕ ಕಡೀತಾರ. ಬೀಸೋದು, ಕಡಿಯೋದು ನಮಗೇನ ಹೊಸಾದಲ್ಲ. ಹೆಸರೂ ಹೊಸಾದಲ್ಲ, ಅವ್ರೂ ಅದಕ್ಕ 'ಚಾ' ಅಂತನ ಅಂತಾರ.

ಈ ಪದ್ಧತಿಗೆ ಗಟ್ಟಿ ರೂಪಾ ಕೊಟ್ಟಾತ ಸೆನ್ ನೊ ರಿಕ್ಯೂ. 1591ರಾಗ ತೀರಿಕೊಂಡಾತ. ಆತನ ಕಾಲದಿಂದ ಚಾ ಕೋಲಿಗೆ ಭಾಳ ಸಣ್ಣ ಬಾಗಿಲ ಇಡೋ ರೂಢಿ ಬಂತು. ಎಂಥಾ ಸರದಾರ ಬಂದ್ರೂ ಕತ್ತಿ ಹೊರಗಿಟ್ಟು, ಬಗ್ಗಿ, ಮೊಣಕಾಲೂರಿ ಒಳಗ ಬರಬೇಕು. ಒಳಗ ಬಂದಾವ ಬಟ್ಟಲಾ ಎರಡೂ ಕೈಲೆ ಹಿಡದು, ಕುಡದು, ಅದನ್ನ ತಿರಿಗ್ಯಾಡಿಸಿ ನೋಡತಾನ. ಕೈಲೆ ಮಾಡಿದ ವಸ್ತುಕ್ಕ ಅಷ್ಟು ಮರ್ಯಾದಿ. ಇದು ಚಲೋ ಅಲ್ಲ ಅಂತ ಯಾರೂ ಅನ್ನಂಗಿಲ್ಲ.

ಈಗ ಕಲೀಬಾರದ್ದು ಕೇಳ್ರಿ. ಕ್ಯೋಟೋದ ದೈತೊಕುಜಿ ಅನ್ನೋ ಗುಡಿಯೊಳಗ ಒಂದು ಚಾ ಬಟ್ಟಲಾ ಐತಿ. ಅದು ಜಪಾನಿನ ರಾಷ್ಟ್ರೀಯ ಸಂಪತ್ತು. ಆದ್ರ ಅದನ್ನ ಮಾಡಿದ್ದು ಕೊರಿಯಾದ ಯಾರೋ ಒಬ್ಬ ಕುಂಬಾರ, ಅದೂ ದಿನಾ ಬಳಸೋ ಸಾದಾ ಬಟ್ಟಲಾ ಅಂತ. ಅದರ ಹೆಸರ 'ಕಿಜಾಯೆಮೋನ್'. ಅದು ಕುಂಬಾರನ ಹೆಸರಲ್ಲ, ಒಂದು ಕಾಲಕ್ಕ ಅದರ ಮಾಲಕ ಆಗಿದ್ದ ವ್ಯಾಪಾರಸ್ಥನ ಹೆಸರು! ಬಟ್ಟಲಕ್ಕ ರೇಷ್ಮಿ ಚೀಲ, ಮಾಡಿದ ಕೈಗೆ ಹೆಸರೂ ಇಲ್ಲ.

ಇದು ಅಲ್ಲಿಯ ಕಥಿ ಅಷ್ಟ ಅಲ್ರಿ. ನಮ್ಮ ಇಳಕಲ್ಲಿಗೆ ಬರ್ರಿ. ಸೀರಿ ಒಡಲಿನ ಹಾಸಿಗೆ ಸೆರಗಿನ ಹಾಸು ಎಳಿ ಎಳಿಗೂ ಕುಣಿಕಿ ಹಾಕಿ ಕೂಡಸಬೇಕು. ಅದಕ್ಕ ಇಳಕಲ್ ಸೀರಿ ಅಂದ್ರ ಇಳಕಲ್ ಸೀರಿ. ಮಗ್ಗದಾಗ ಕುಂತಾತ ನೇಕಾರ ಅನಿಸಿಕೋತಾನ. ಆದ್ರ ನೂಲು ಬಿಡಿಸಿದಾಕಿ, ರಾಟಿ ಮುಂದ ಕುಂತು ಕಂಡಿಕಿ ಸುತ್ತಿದಾಕಿ, ನಡುವ ಎದ್ದು ರೊಟ್ಟಿ ಬಡದು ಮತ್ತ ಕುಂತಾಕಿ? ಆಕಿ "ಮನಿಯಾಗ ಇರತಾಳ". ಗುಳೇದಗುಡ್ಡದ ಖಣದ ಮನಿಗಳೊಳಗೂ ಇದ ಪಾಡು. 2015ರಿಂದ ಆಗಸ್ಟ್ 7ಕ್ಕ ಕೈಮಗ್ಗ ದಿನಾ ಅಂತ ಮಾಡತೀವಿ. ಅವತ್ತ ಎಲ್ಲಾರೂ ಇಳಕಲ್ ಸೀರಿ ಉಟ್ಟು ಸ್ಟೇಟಸ್ ಹಾಕತೀವಿ. ಸೀರಿ ಕಾಣತೈತಿ, ಉಟ್ಟಾಕಿ ಕಾಣತಾಳ, ಕಂಡಿಕಿ ಸುತ್ತಿದಾಕಿ ಕಾಣೂದಿಲ್ಲ.

ಇನ್ನ ಕೌದಿ. ಜಪಾನಿನ ಬಡಗಣ ದಿಕ್ಕಿನ ಚಳಿ ಸೀಮ್ಯಾಗ ಹತ್ತಿ ಬೆಳೀತಿರಲಿಲ್ಲ. ಅಲ್ಲಿಯ ಹೆಣ್ಮಕ್ಕಳು ಹರಕ ಅರಿವಿ ಒಂದರ ಮ್ಯಾಲ ಒಂದು ಇಟ್ಟು, ಸಾಲಾಗಿ ಟಾಕಿ ಹಾಕಿ ಬೆಚ್ಚಗ ಮಾಡಕೋತಿದ್ರು. ಆ ಅರಿವಿಗೆ 'ಬೊರೊ' ಅಂತಾರ. ಅಂದ್ರ ಚಿಂದಿ. ಒಂದು ಕಾಲಕ್ಕ ನಾಚಿ ಮುಚ್ಚಿಟ್ಟಿದ್ದ ಆ ಚಿಂದಿ ಇವತ್ತ ಮ್ಯೂಜಿಯಂದಾಗ ಐತಿ. ನಮ್ಮ ಅವ್ವಗೋಳು ಹಳೇ ಸೀರಿ, ಧೋತರ ಹಾಸಿ ಹೊಲಿದ ಕೌದಿ ಬ್ಯಾರೆ ಏನ್ರಿ? ಹಿನ್ನೀರು ಬಂದು ಹಳೇ ಬಾಗಲಕೋಟಿ ಬಿಟ್ಟು ನವನಗರಕ್ಕ ಬಂದಾಗ ಭಾಳ ಮನಿಯ ಟ್ರಂಕಿನ್ಯಾಗ ಕೌದೀನೂ ಬಂದಾವ. ಈಗ ಬ್ಲಾಂಕೆಟ್ ಬಂದು ಅವು ಅಟ್ಟ ಸೇರ್ಯಾವ. ಕೌದಿ ಹೊಲಿಯಾಕಿ ಓಣಿಗೆ ಬಂದ್ರ "ಭಾಳಾತು, ಕಡಿಮಿ ಮಾಡು" ಅಂತ ಜಗಳ. ಅದ ಕೌದಿ ಬೆಂಗಳೂರಿನ ಅಂಗಡ್ಯಾಗ ಇದ್ರ ಹೇಳಿದಷ್ಟ ಕೊಡತಾರ.

ಹಂಗಂದ್ರ ಜಪಾನಿನಿಂದ ಕಲಿಯೋದು ಏನು? 1950ರಾಗ ಅವ್ರು ಒಂದು ಕಾಯ್ದೆ ಮಾಡಿದ್ರು. ಅದರ ಪ್ರಕಾರ ಗುಡಿ, ಮೂರ್ತಿ ಅಷ್ಟ ಅಲ್ಲ, ನೇಯೋದು, ಕುಂಬಾರಿಕಿ, ಬಣ್ಣಾ ಹಾಕೋದು ಅನ್ನೋ ವಿದ್ಯಾನೂ ದೇಶದ ಆಸ್ತಿ. ಆ ವಿದ್ಯಾ ಬಲ್ಲವರನ್ನ ಸರ್ಕಾರ ಹೆಸರ ಹಿಡದು ಗುರುತಿಸತೈತಿ. ಮಂದಿ ಅವರಿಗೆ 'ಜೀವಂತ ರಾಷ್ಟ್ರೀಯ ಸಂಪತ್ತು' ಅಂತಾರ. ಆ ವಿದ್ಯಾ ಮುಂದಿನವರಿಗೆ ಕಲಸಾಕ ವರ್ಷಾ ರೊಕ್ಕಾನೂ ಕೊಡತೈತಿ. ಬಟ್ಟಲಕ್ಕಿಂತ ಕೈ ದೊಡ್ಡದು ಅಂತ ತಡಾಗಿ ಆದ್ರೂ ತಿಳಕೊಂಡ್ರು.

ಬಾದಾಮಿ ನೋಡಾಕ ಬರೋ ಮಂದಿ ಮಗ್ಗಾನೂ ನೋಡೂನು, ಕೌದೀನೂ ಕಲಿಯೂಣು ಅಂದ್ರ ಬರಲಿ. ಬ್ಯಾಡ ಅನ್ನಾಕಿ ನಾನಲ್ಲ. ಆದ್ರ ಮನಿಯಾಗ ಬಂದು ಫೋಟೋ ತಗದು, "ಎಷ್ಟ ಚಂದ" ಅಂದು, ಚಾ ಕುಡದು ಹೋಗೋದು ಬ್ಯಾಡ. ಕಲಿಸಿದಾಕಿಗೆ ಮಾಸ್ತರಗ ಕೊಟ್ಟಂಗ ಪಗಾರ ಕೊಡಬೇಕು, ಆಕಿನ್ನ ಕೇಳಿ ಆಕಿ ಹೆಸರ ಬರೀಬೇಕು. "ಮನಿ ಕೆಲಸಕ್ಕ ಎಂಥಾ ರೇಟ್ರಿ" ಅನ್ನೋರಿಗೆ ನನ್ನ ಉತ್ತರ ಇಷ್ಟ: ಆ ಕೆಲಸಾ ಕಲಿಯಾಕ ಅವ್ರು ರೊಕ್ಕಾ ಕೊಟ್ಟು ಬಂದಾರಂದ್ರ ರೇಟ್ ಐತಿ ಅಂತನ ಆತು. ಅದು ಬರೇ ಶಿಬಿರ ಮಾಡಿಸಿದಾವನ ಕಿಸೆ ಸೇರಬಾರದು.

ಮಂದಿ ಬರೋತನಕ ನಾವು ಕಾಯೋದೂ ಬ್ಯಾಡ. ಈ ಸಲ ಕೌದಿ ಹೊಲಿಸಿದ್ರ ಒಂದು ಮೂಲ್ಯಾಗ ಹೊಲಿದಾಕಿ ಹೆಸರು, ಇಸ್ವಿ ಟಾಕಿ ಹಾಕಸ್ರಿ. ನೇಕಾರರ ಮನಿಗೆ ಸೀರಿ ತರಾಕ ಹೋದ್ರ, ಸೆರಗ ನೋಡೋಕಿಂತ ಮೊದಲ, "ಕಂಡಿಕಿ ಸುತ್ತಿದಾರ ಯಾರ್ರಿ?" ಅಂತ ಕೇಳ್ರಿ. ಒಳಗಿಂದ ಒಬ್ಬಾಕಿ ಸೆರಗಿಗೆ ಕೈ ಒರಸಿಕೋತ ಹೊರಗ ಬರತಾಳ. ಆಕಿ ಹೆಸರ ಕೇಳ್ರಿ.