ಮೂರು ಅಡಿ ಹಿಮ ಬಿತ್ತು ಎಂದರೆ ಎಷ್ಟು ನೀರು ಬಿದ್ದಂತೆ?

ಚಳಿಗಾಲ ಬಂತೆಂದರೆ ಮನಾಲಿ, ಗುಲ್ಮಾರ್ಗ್‌ಗಳಿಂದ ‘ಎರಡು ಅಡಿ ಹಿಮ’, ‘ಮೂರು ಅಡಿ ಹಿಮ’ ಎಂಬ ಸುದ್ದಿಗಳು ಬರತೊಡಗುತ್ತವೆ. ಹೆಚ್ಚು ಅಡಿ ಹಿಮ ಬಿದ್ದರೆ ಬೇಸಿಗೆಯಲ್ಲಿ ನದಿಗೆ ಹೆಚ್ಚು ನೀರು ಎಂದು ನಮ್ಮಲ್ಲಿ ಹಲವರು ಅಂದುಕೊಳ್ಳುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಹಿಮದ ಎತ್ತರ ಬೇರೆ, ಅದರೊಳಗಿರುವ ನೀರಿನ ಪ್ರಮಾಣ ಬೇರೆ.

ಅಳತೆಪಟ್ಟಿ ಸಾಲದೇ?

ಹೊಸದಾಗಿ ಬಿದ್ದ ಹಿಮವನ್ನು ಅಳೆಯುವ ವಿಧಾನ ನೋಡಲು ಸರಳ. ಬಿಳಿ ಬಣ್ಣ ಬಳಿದ ಹಲಗೆಯನ್ನು ಬಯಲಿನಲ್ಲಿ ಇಡುತ್ತಾರೆ. ಅದರ ಮೇಲೆ ಕೂತ ಹಿಮದ ಎತ್ತರವನ್ನು ಬರೆದುಕೊಂಡು, ಹಲಗೆಯನ್ನು ಒರೆಸಿ, ಮತ್ತೆ ಹಿಮದ ಮೇಲಿಡುತ್ತಾರೆ. ಹಲಗೆ ಬಿಸಿಲಿಗೆ ಕಾದು ಹಿಮವನ್ನು ಕರಗಿಸಬಾರದೆಂದೇ ಬಿಳಿ ಬಣ್ಣ.

ತೊಡಕು ಇರುವುದು ಹಿಮದ ಸ್ವಭಾವದಲ್ಲಿ. ಬಿದ್ದ ಹಿಮ ತನ್ನದೇ ಭಾರಕ್ಕೆ ಕುಸಿಯುತ್ತಾ ಹೋಗುತ್ತದೆ. ಹಾಗಾಗಿ ಗಂಟೆಗೊಮ್ಮೆ ಅಳೆದು ಕೂಡಿದರೆ ಮೊತ್ತ ದೊಡ್ಡದಾಗುತ್ತದೆ, ದಿನಕ್ಕೊಮ್ಮೆ ಅಳೆದರೆ ಚಿಕ್ಕದಾಗುತ್ತದೆ. 1997ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಮಾಂಟಗ್ಯೂ ಎಂಬಲ್ಲಿ 24 ಗಂಟೆಗಳಲ್ಲಿ 77 ಇಂಚು ಹಿಮ ಬಿತ್ತೆಂದು ವರದಿಯಾಯಿತು. 1921ರಲ್ಲಿ ಕೊಲೊರಾಡೊ ಪರ್ವತಗಳ ಸಿಲ್ವರ್ ಲೇಕ್‌ನಲ್ಲಿ ದಾಖಲಾಗಿದ್ದ ಸುಮಾರು 76 ಇಂಚನ್ನು ಅದು ಮೀರಿತ್ತು. ಆದರೆ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಅಳತೆಗಳನ್ನು ಕೂಡಬಾರದು ಎಂಬ ನಿಯಮವಿದ್ದರೂ ಇಲ್ಲಿ ಆರನ್ನು ಕೂಡಲಾಗಿತ್ತು. ಪರಿಶೀಲನಾ ಸಮಿತಿ ಅದನ್ನು ದಾಖಲೆಯೆಂದು ಒಪ್ಪಲಿಲ್ಲ.

ಮಳೆಮಾಪಕ ಇಟ್ಟರೆ?

ಹಿಮದ ಹಳುಕು ಮಳೆಹನಿಗಿಂತ ತುಂಬಾ ಹಗುರ. ಗಾಳಿ ಬೀಸಿದಾಗ ಅದು ಮಾಪಕದ ಬಾಯೊಳಗೆ ಬೀಳದೆ ಮೇಲಿನಿಂದಲೇ ಹಾರಿಹೋಗುತ್ತದೆ. ಸುತ್ತ ತಡೆಯಿಲ್ಲದ ಮಾಪಕಕ್ಕೆ ಜೋರು ಗಾಳಿಯಲ್ಲಿ ಬಿದ್ದ ಹಿಮದ ಅರ್ಧದಷ್ಟೂ ಸಿಗದಿರಬಹುದು. ಇದಕ್ಕಾಗಿ ಮಾಪಕದ ಸುತ್ತ ಬೇಲಿಯಂಥ ಗಾಳಿತಡೆ ಕಟ್ಟುತ್ತಾರೆ. ವಿಶ್ವ ಹವಾಮಾನ ಸಂಸ್ಥೆ ಬೇರೆ ಬೇರೆ ಮಾಪಕಗಳನ್ನು ಹೋಲಿಸಿ ನೋಡುವಾಗ ಒಂದರೊಳಗೊಂದರಂತೆ ಎರಡು ಬೇಲಿಗಳಿರುವ ಮಾಪಕವನ್ನು ಮಾನದಂಡವಾಗಿ ಬಳಸಿತು.

ಎತ್ತರಕ್ಕಿಂತ ತೂಕ ಮುಖ್ಯ

ಒಂದು ಸೇರು ಮಂಡಕ್ಕಿಯೂ ಒಂದು ಸೇರು ಅಕ್ಕಿಯೂ ತೂಕದಲ್ಲಿ ಒಂದೇ ಅಲ್ಲ. ಹಿಮವೂ ಹಾಗೆಯೇ. ಒಂದು ಮೀಟರ್ ಹೊಸ ಹಿಮ ಕರಗಿದರೆ ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್ ನೀರು ಸಿಗುತ್ತದೆ. ವಾರಗಟ್ಟಲೆ ಕೂತು ಗಟ್ಟಿಯಾದ ಒಂದು ಮೀಟರ್ ಹಿಮದಲ್ಲಿ 30ರಿಂದ 40 ಸೆಂಟಿಮೀಟರ್ ನೀರಿರಬಹುದು.

ಈ ನೀರನ್ನು ಲೆಕ್ಕ ಹಾಕುವ ಸುಲಭದ ದಾರಿಯೊಂದನ್ನು 20ನೇ ಶತಮಾನದ ಆರಂಭದಲ್ಲಿ ರೂಪಿಸಿದವರು ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಜೇಮ್ಸ್ ಚರ್ಚ್. ಟೊಳ್ಳು ಕೊಳವೆಯನ್ನು ಹಿಮದ ತಳದವರೆಗೆ ಇಳಿಸಿ, ಒಳಗೆ ಸಿಕ್ಕ ಹಿಮದ ಸಮೇತ ಮೇಲೆತ್ತಿ ತೂಗುವುದು ಅವರ ಉಪಾಯ. ಇಂದಿಗೂ ಅದು ಬಳಕೆಯಲ್ಲಿದೆ. ಪಶ್ಚಿಮ ಅಮೆರಿಕದ ಬೆಟ್ಟಗಳಲ್ಲಿ 900ಕ್ಕೂ ಹೆಚ್ಚು ಸ್ವಯಂಚಾಲಿತ ಕೇಂದ್ರಗಳಿವೆ. ಅವುಗಳಲ್ಲಿ ದ್ರವ ತುಂಬಿದ ಚಪ್ಪಟೆ ‘ದಿಂಬು’ಗಳು ತಮ್ಮ ಮೇಲೆ ಬಿದ್ದ ಹಿಮದ ಭಾರವನ್ನು ತಾವೇ ಅಳೆಯುತ್ತವೆ.

ಹಿಮಾಲಯದಲ್ಲಿ ಯಾಕೆ ಕಷ್ಟ?

ಹಿಮಾಲಯದ ಹವಾಮಾನ ಕೇಂದ್ರಗಳಲ್ಲಿ ಹೆಚ್ಚಿನವು ಜನರಿರುವ ಕಣಿವೆಗಳಲ್ಲಿವೆ. ಹೆಚ್ಚು ಹಿಮ ಬೀಳುವುದು ಅವುಗಳಿಗಿಂತ ಎಷ್ಟೋ ಮೇಲೆ. ಅಲ್ಲಿ ಗಾಳಿ ಒಂದು ಇಳಿಜಾರಿನ ಹಿಮವನ್ನು ಬಳಿದು ಇನ್ನೊಂದರ ಮೇಲೆ ರಾಶಿ ಹಾಕುತ್ತದೆ. ಆದ್ದರಿಂದ ಒಂದು ಜಾಗದ ಅಳತೆ ಇಡೀ ಬೆಟ್ಟಕ್ಕೆ ಹೊಂದುವುದಿಲ್ಲ. ಉಪಗ್ರಹದ ಚಿತ್ರ ಎಷ್ಟು ಪ್ರದೇಶ ಬೆಳ್ಳಗಾಗಿದೆ ಎಂದು ಚೆನ್ನಾಗಿ ತೋರಿಸುತ್ತದೆ. ಆ ಬಿಳುಪಿನ ಕೆಳಗೆ ಎಷ್ಟು ನೀರಿದೆ ಎಂಬುದನ್ನು ಅಷ್ಟು ಖಚಿತವಾಗಿ ಹೇಳಲಾರದು. ವಿಮಾನದಿಂದ ಲೇಸರ್ ಬೀರಿ ಹಿಮದ ಆಳವನ್ನು ತಿಳಿಯಬಹುದು, ಆದರೆ ನೀರಿನ ಲೆಕ್ಕಕ್ಕೆ ಹಿಮದ ಸಾಂದ್ರತೆಯೂ ಗೊತ್ತಿರಬೇಕು.

ಈ ಲೆಕ್ಕದ ಮೇಲೆ ನಿಂತಿರುವುದು ಸಣ್ಣ ಸಂಗತಿಯಲ್ಲ. ಸಟ್ಲೆಜ್ ನದಿಗೆ ಬೇಸಿಗೆಯಲ್ಲಿ ಬರುವ ನೀರಿನಲ್ಲಿ ಕರಗಿದ ಹಿಮದ ಪಾಲು ದೊಡ್ಡದು. ಆ ನದಿಗೆ ಕಟ್ಟಿದ ಭಾಕ್ರಾ ಅಣೆಕಟ್ಟನ್ನು ಪಂಜಾಬ್, ಹರಿಯಾಣ, ರಾಜಸ್ಥಾನದ ಹೊಲಗಳು ನೆಚ್ಚಿಕೊಂಡಿವೆ. ಹಿಮಕುಸಿತದ ಅಪಾಯವನ್ನು ಅಂದಾಜಿಸಲೂ ಇಳಿಜಾರಿನ ಮೇಲೆ ಎಷ್ಟು ಭಾರ ಕೂತಿದೆ ಎಂಬುದು ತಿಳಿಯಬೇಕು. ಭಾರ ಸರಿಯಾಗಿ ತಿಳಿದರೂ ಲೆಕ್ಕ ತಪ್ಪಬಹುದು. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕರಗಿದ ಹಿಮದ ಬಹುಪಾಲನ್ನು ಒಣಗಿದ ನೆಲ ಮತ್ತು ಗಾಳಿಯೇ ಹೀರಿಕೊಂಡವು. ಜಲಾಶಯಗಳಿಗೆ ಬಂದ ನೀರು ಅಂದಾಜಿಗಿಂತ ತೀರಾ ಕಡಿಮೆಯಾಯಿತು.

ಹಾಗಾಗಿ ಮುಂದಿನ ಸಲ ‘ಮೂರು ಅಡಿ ಹಿಮ’ ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಎಷ್ಟು ಗಂಟೆಗಳಲ್ಲಿ ಬಿತ್ತು? ಅಳೆದದ್ದು ಕಣಿವೆಯಲ್ಲೋ, ಮೇಲಿನ ಇಳಿಜಾರಿನಲ್ಲೋ? ಅದರಲ್ಲಿ ನೀರೆಷ್ಟು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಸುದ್ದಿಯಿಂದ ರಸ್ತೆ ಮುಚ್ಚಿರಬಹುದೆಂದು ಊಹಿಸಬಹುದು. ಬೇಸಿಗೆಯ ನೀರಿನ ಬಗ್ಗೆ ಮಾತ್ರ ಅದರಿಂದ ಹೆಚ್ಚೇನೂ ತಿಳಿಯದು.