ಕೆಡುವ ಮೊದಲೇ ಬದಲಿಸಬೇಕಾದ ರೇಡಿಯೇಟರ್

ನಮ್ಮ ರಸ್ತೆಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಡೀಸೆಲ್ ಕಾರುಗಳ ಪೈಕಿ 1998ರ ಟಾಟಾ ಸಫಾರಿ, 2002ರ ಮಹೀಂದ್ರ ಸ್ಕಾರ್ಪಿಯೊ, 2007ರಲ್ಲಿ ಡೀಸೆಲ್ ಎಂಜಿನ್ ಪಡೆದ ಮಾರುತಿ ಸ್ವಿಫ್ಟ್ ಮೊದಲಾದವು ಟರ್ಬೊ ಎಂಬ ಯಂತ್ರಾಂಗವನ್ನು ಮಧ್ಯಮವರ್ಗದ ಗೃಹಸ್ಥನ ಅಂಗಳಕ್ಕೆ ತಂದ ವಾಹನಗಳು. ಅವುಗಳಲ್ಲಿ ಹಲವು ಈಗ ಎರಡನೆಯ ಅಥವಾ ಮೂರನೆಯ ಒಡೆಯರ ಕೈಯಲ್ಲಿದ್ದು, ಎಂಜಿನ್ ಇನ್ನೂ ದೃಢವಾಗಿರುವಾಗಲೇ, ಅದನ್ನು ತಂಪಾಗಿಡುವ ರೇಡಿಯೇಟರನ್ನು ಉಪೇಕ್ಷಿಸಿದ ಒಂದೇ ಕಾರಣದಿಂದ ಗುಜರಿಯ ಪಾಲಾಗುವುದು ವಿಷಾದದ ಸಂಗತಿ. ರೇಡಿಯೇಟರನ್ನು ಸೋರಿದ ಮೇಲೆ ರಿಪೇರಿ ಮಾಡಿಸತಕ್ಕ ವಸ್ತುವೆಂದು ಎಣಿಸದೆ, ಆಯುಸ್ಸು ತೀರುವ ಮೊದಲೇ ಬದಲಿಸತಕ್ಕ ವಸ್ತುವೆಂದು ಎಣಿಸುವುದೇ ವಿವೇಕವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದರ ಕಾರಣ ಟರ್ಬೊವಿನ ಸ್ವಭಾವದಲ್ಲಿಯೇ ಉಂಟು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಉಪಾಯದಲ್ಲಿ, ವ್ಯರ್ಥವಾಗಿ ಹೊರಹೋಗುತ್ತಿದ್ದ ಹೊಗೆಯ ವೇಗವೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರವು ನಿಮಿಷಕ್ಕೆ 1 ಲಕ್ಷ ಸುತ್ತುಗಳನ್ನೂ ಮೀರಿ ಸುತ್ತುತ್ತ, ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಿದಂತೆ ಉರಿಯುವ ಇಂಧನವೂ, ಇಂಧನದೊಡನೆ ಉಷ್ಣವೂ ಹೆಚ್ಚುವುದು. ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳಿಗೆ ಸಲ್ಲುತ್ತದೆಂದೂ, ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆಂದೂ, ಉಳಿದುದರ ಹೆಚ್ಚಿನ ಪಾಲನ್ನು ರೇಡಿಯೇಟರೇ ಹೊರಹಾಕಬೇಕೆಂದೂ ಅರಿತವರಿಗೆ ಅದರ ಹೊಣೆ ಎಷ್ಟು ಗುರುತರವಾದುದೆಂಬುದು ತಾನಾಗಿ ತಿಳಿಯುವುದು. ಸಾಲದೆಂಬಂತೆ, ಅನೇಕ ಕಾರುಗಳಲ್ಲಿ ಏಸಿಯ ಕಂಡೆನ್ಸರೂ, ಟರ್ಬೊ ಒತ್ತಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರೂ ರೇಡಿಯೇಟರಿನ ಮುಂದೆಯೇ ಇರುವುದರಿಂದ, ಅದಕ್ಕೆ ದೊರೆಯುವ ಗಾಳಿ ಈಗಾಗಲೇ ಬಿಸಿಯಾದ ಗಾಳಿ. ತುಂಬಿದ ಕಾರು ಶಿರಾಡಿ ಘಾಟಿಯನ್ನೊ ಚಾರ್ಮಾಡಿ ಘಾಟಿಯನ್ನೊ ಎರಡನೆಯ ಗೇರಿನಲ್ಲಿ ಹತ್ತುವಾಗ, ಟರ್ಬೊ ಪೂರ್ಣ ಬಲದಿಂದ ದುಡಿಯುತ್ತಿದ್ದರೂ ವೇಗ ಅಲ್ಪವಾದುದರಿಂದ ಎದುರುಗಾಳಿಯ ನೆರವು ಇಲ್ಲವೆನ್ನುವಷ್ಟು ಕಡಿಮೆಯಾಗಿ, ರೇಡಿಯೇಟರೂ ಅದರ ಫ್ಯಾನೂ ತಮ್ಮ ಸಾಮರ್ಥ್ಯದ ಅಂಚಿನಲ್ಲಿ ನಿಲ್ಲುತ್ತವೆ.

ರೇಡಿಯೇಟರ್ ಹೊರಚೆಲ್ಲುವ ಉಷ್ಣವು, ಎಂಜಿನಿನ ಬಿಸಿಯನ್ನು ಹೊತ್ತು ತರುವ ದ್ರವವಾದ ಕೂಲೆಂಟಿಗೂ ಹೊರಗಿನ ಗಾಳಿಗೂ ಇರುವ ತಾಪದ ಅಂತರವನ್ನು ಅನುಸರಿಸಿರುತ್ತದೆ. ಕೂಲೆಂಟ್ 95 ಡಿಗ್ರಿಯಲ್ಲಿದ್ದು, ಮಡಿಕೇರಿಯ ಗಾಳಿ 20 ಡಿಗ್ರಿಯಾಗಿದ್ದರೆ ಆ ಅಂತರ 75. ಕಲಬುರಗಿಯ ಬೇಸಿಗೆಯ 42 ಡಿಗ್ರಿಯಲ್ಲಿ ಅದೇ ಅಂತರ 53ಕ್ಕೆ ಇಳಿಯುವುದು. ಅಂದರೆ, ಉಳಿದುದೆಲ್ಲ ಸಮಾನವಾಗಿದ್ದರೂ, ಋತುವಿನ ಮತ್ತು ಊರಿನ ವ್ಯತ್ಯಾಸವೊಂದೇ ರೇಡಿಯೇಟರಿನ ಶಕ್ತಿಯಲ್ಲಿ ಸುಮಾರು ಶೇಕಡಾ 30ರಷ್ಟನ್ನು ಕಸಿದುಕೊಳ್ಳುತ್ತದೆ. ಹೊಸದರಲ್ಲಿ ಈ ನಷ್ಟವನ್ನು ತಡೆದುಕೊಳ್ಳುವಷ್ಟು ಮಿಗತೆಯನ್ನು ತಯಾರಕರು ಇಟ್ಟಿರುತ್ತಾರೆ. ವರ್ಷಗಳು ಸದ್ದಿಲ್ಲದೆ ತಿಂದುಹಾಕುವುದು ಆ ಮಿಗತೆಯನ್ನೇ. ಆದಕಾರಣ ಊರಿನೊಳಗೆ ನಿರಾತಂಕವಾಗಿ ಓಡಾಡುವ ಕಾರು ಘಾಟಿಯಲ್ಲಿ ಕುದಿದರೆ, ಅದನ್ನು ಘಾಟಿಯ ದೋಷವೆಂದು ತಳ್ಳಿಹಾಕಲಾಗದು.

ಈ ಮಿಗತೆ ಒಳಗಿನಿಂದಲೂ ಹೊರಗಿನಿಂದಲೂ ಕರಗುತ್ತದೆ. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ಸುರಿದಲ್ಲಿ ಸುಣ್ಣದ ಅಂಶವು ಒಳಗಿನ ಸಣ್ಣ ನಳಿಗೆಗಳ ಗೋಡೆಗೆ ಹತ್ತಿ ಉಷ್ಣದ ದಾರಿಯನ್ನು ಮುಚ್ಚುತ್ತದೆ. ಹೊರಗೆ ಧೂಳು, ಕೀಟ, ಕೆಸರು ಸೇರಿ ತೆಳುವಾದ ಅಲ್ಯುಮಿನಿಯಂ ರೆಕ್ಕೆಗಳನ್ನು ತುಂಬುತ್ತವೆ. ಹಿಂದಿನ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳನ್ನು ಬಿಚ್ಚಿ, ಶುದ್ಧಮಾಡಿ, ಬೆಸುಗೆ ಹಾಕಿ ಮತ್ತೆ ಬಾಳುವಂತೆ ಮಾಡುತ್ತಿದ್ದ ನಮ್ಮ ರೇಡಿಯೇಟರ್ ವರ್ಕ್ಸ್‌ಗಳ ಕುಶಲಿಗಳ ವಿದ್ಯೆ ಗೌರವಾರ್ಹವಾದುದು. ಆದರೆ ಈ ಕಾರುಗಳ ಕಾಲಕ್ಕೆ ಬಹುಮಟ್ಟಿಗೆ ರೂಢವಾಗಿದ್ದ ರೇಡಿಯೇಟರಿನ ನಡುಭಾಗ ಅಲ್ಯುಮಿನಿಯಂ, ಎರಡು ಬದಿಯ ತೊಟ್ಟಿಗಳು ಗಾಜಿನ ಎಳೆ ಬೆರೆಸಿದ ನೈಲಾನ್. ಇವೆರಡರ ನಡುವಿನ ರಬ್ಬರ್ ಸೀಲು ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ, ನೈಲಾನು ಪೆಡಸಾಗಿ ಸೀಳುತ್ತದೆ. ಅಂಥದಕ್ಕೆ ಅಂಟು ಮೆತ್ತುವುದೂ, ಸೋರಿಕೆ ನಿಲ್ಲಿಸುವ ಪುಡಿಯನ್ನು ಸುರಿದು ಸಂಚಾರ ಬೆಳೆಸುವುದೂ ಮಿತವ್ಯಯವಲ್ಲ. ಆ ಪುಡಿ ಸೋರುವ ರಂಧ್ರವನ್ನಷ್ಟೇ ಅಲ್ಲದೆ ನಳಿಗೆಗಳನ್ನೂ ಹೀಟರಿನ ದಾರಿಯನ್ನೂ ಕಟ್ಟಬಲ್ಲುದು.

ಇದಕ್ಕಿಂತಲೂ ಅನಿಷ್ಟವಾದ ಒಂದು ರೂಢಿ ನಮ್ಮಲ್ಲಿ ಬೇರೂರಿದೆ. ಗಾಡಿ ಬಿಸಿಯಾಗುತ್ತದೆಂದು ದೂರಿದೊಡನೆ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತೆಸೆದು, ಇನ್ನು ಚಿಂತೆಯಿಲ್ಲವೆಂದು ಹೇಳಿ ಕಳುಹಿಸುವ ಗ್ಯಾರೇಜುಗಳು ಒಂದೆರಡಲ್ಲ. ಆ ವಾಲ್ವು ಎಂಜಿನನ್ನು ಶೀಘ್ರವಾಗಿ ತಕ್ಕ ತಾಪಕ್ಕೆ ತಂದು ಅಲ್ಲಿ ನಿಲ್ಲಿಸುವ ನಿಯಾಮಕ. ಅದಿಲ್ಲದ ಡೀಸೆಲ್ ಎಂಜಿನು ತಣ್ಣಗೇ ಓಡಿ ಹೆಚ್ಚು ಇಂಧನವನ್ನು ಬೇಡುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನುಗಳಲ್ಲಿಯಂತೂ, ವಾಲ್ವು ಮುಚ್ಚಬೇಕಾಗಿದ್ದ ಬೈಪಾಸ್ ಮಾರ್ಗ ತೆರೆದೇ ಉಳಿದು, ಬಿಸಿನೀರಿನ ಒಂದು ಭಾಗ ರೇಡಿಯೇಟರನ್ನು ಮುಟ್ಟದೆ ಹಿಂದಿರುಗುವುದರಿಂದ, ಏರಿನಲ್ಲಿ ತಾಪ ಇನ್ನೂ ಹೆಚ್ಚುವುದು. ರೋಗವನ್ನು ಬಿಟ್ಟು ನಿರಪರಾಧಿಯನ್ನು ಹೊರಹಾಕುವ ಈ ಪದ್ಧತಿ ಕೊನೆಗಾಣಬೇಕು.

ಇನ್ನು, ದೊಡ್ಡ ರೇಡಿಯೇಟರನ್ನೇ ಹಾಕಿಸಿದರೆ ಹೇಗೆಂಬ ಪ್ರಶ್ನೆ. ಎಂಜಿನ್ ಕಂಪನಿಯಿಂದ ಬಂದ ಸ್ಥಿತಿಯಲ್ಲಿಯೇ ಇದ್ದರೆ, ಮೂಲಕ್ಕೆ ಸಮನಾದ ಗುಣದ ಹೊಸ ರೇಡಿಯೇಟರೇ ಸಾಕು. ಅದರಿಂದಲೂ ತಾಪ ಇಳಿಯದಿದ್ದರೆ ದೋಷ ಫ್ಯಾನಿನಲ್ಲೊ, ವಾಟರ್ ಪಂಪಿನಲ್ಲೊ, ಹೆಡ್ ಗ್ಯಾಸ್ಕೆಟಿನಲ್ಲೊ ಇರುವುದೆಂದು ತಿಳಿದು ಅಲ್ಲಿ ಹುಡುಕತಕ್ಕದ್ದು. ಟರ್ಬೊವಿನ ಒತ್ತಡವನ್ನು ಏರಿಸಿ ಶಕ್ತಿಯನ್ನು ಹೆಚ್ಚಿಸಿಕೊಂಡವರಿಗೆ, ಅಥವಾ ಭಾರ ಎಳೆದು ಬಹುಕಾಲ ಏರು ಹತ್ತುವವರಿಗೆ, ತೊಟ್ಟಿಗಳೂ ಅಲ್ಯುಮಿನಿಯಮಿನವೇ ಆದ ಹೆಚ್ಚು ಸಾಮರ್ಥ್ಯದ ರೇಡಿಯೇಟರ್ ಉಚಿತವೇ ಸರಿ. ಆದರೆ ನಡುಭಾಗ ದಪ್ಪವಾದಷ್ಟೂ ಗಾಳಿ ಅದನ್ನು ದಾಟುವುದು ಕಠಿನವಾಗುತ್ತದೆ, ಹಿಂದಿನ ಸಾಲಿಗೆ ಮುಂದಿನ ಸಾಲಿನ ಬಿಸಿಯೇ ತಗಲುತ್ತದೆ. ಫ್ಯಾನನ್ನೂ, ಗಾಳಿಯನ್ನು ಅದರತ್ತ ನಡೆಸುವ ಶ್ರೌಡನ್ನೂ ಕಡೆಗಣಿಸಿ ಗಾತ್ರವೊಂದನ್ನೇ ಬೆಳೆಸಿದರೆ ಹಣ ಹೋದೀತೇ ಹೊರತು ತಾಪ ಹೋಗಲಾರದು.

ಬದಲಿಸುವ ದಿನ ಹೋಸ್ ಪೈಪುಗಳನ್ನೂ, ಥರ್ಮೋಸ್ಟಾಟನ್ನೂ, ಒತ್ತಡದ ಮುಚ್ಚಳವನ್ನೂ ಒಟ್ಟಿಗೆ ಹೊಸದಾಗಿಸುವುದು ಲೇಸು. ಆ ಸಣ್ಣ ಮುಚ್ಚಳ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಡುವುದರಿಂದಲೇ ನೀರಿನ ಕುದಿಬಿಂದು 100ರಿಂದ 120 ಡಿಗ್ರಿಗೆ ಏರುತ್ತದೆ. ಖನಿಜರಹಿತ ನೀರು ಮತ್ತು ತಯಾರಕರು ಹೇಳಿದ ಜಾತಿಯ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ತುಂಬಿ, ಒಳಗೆ ಸಿಕ್ಕ ಗಾಳಿಯನ್ನು ಪೂರ್ಣವಾಗಿ ಹೊರದೂಡಬೇಕು. ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲಕೂಡದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನೆಕ್ಕಿದ ನಾಯಿಗೂ ಕರುವಿಗೂ ಪ್ರಾಣಾಂತಕವಾಗಬಲ್ಲುದು.

ಕಾಯ್ದ ಎಂಜಿನಿನ ಸಿಲಿಂಡರ್ ಹೆಡ್ ಒಮ್ಮೆ ಸೊಟ್ಟಗಾದರೆ, ಅದನ್ನು ನೇರಮಾಡಿಸಿ ಗ್ಯಾಸ್ಕೆಟ್ ಬದಲಿಸುವ ವೆಚ್ಚ ರೇಡಿಯೇಟರಿನ ಬೆಲೆಯನ್ನು ಬಹುದೂರ ಮೀರುವುದು. ಹಳೆಯ ಕಾರಿನ ಒಡೆಯ ಆಗ ಕಾರನ್ನೇ ತೊರೆಯುತ್ತಾನೆ. ಆದುದರಿಂದ ಗ್ಯಾರೇಜುಗಳು ಕೂಲೆಂಟ್ ತುಂಬಿದ, ರೇಡಿಯೇಟರ್ ಬದಲಿಸಿದ ದಿನಾಂಕವನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಹಳೆಯ ಟರ್ಬೊ ಕಾರನ್ನು ಕೊಳ್ಳುವವರು ಟೈರು ಬಣ್ಣಗಳನ್ನು ನೋಡುವ ಮೊದಲು ಆ ಬಿಲ್ಲನ್ನು ಕೇಳಲಿ. ಅದು ಇಲ್ಲವಾದರೆ, ರೇಡಿಯೇಟರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆದು, ಮೊದಲ ಘಾಟಿ ಪ್ರಯಾಣಕ್ಕೆ ಮುನ್ನವೇ ಅದನ್ನು ಬದಲಿಸಲಿ.